ಕಡಲಾಚೆ ಹೊರಟವಳಿಗೆ ಕಟ್ಟಬೇಕಾದ ಬುತ್ತಿ

ಗೋಕಾಕ ಸೀಮೆಯ ಕೌಜಲಗಿಯ ಒಂದು ಮನೆಯ ಪಡಸಾಲೆ. ಮಗ್ರಿಬ್ ನಮಾಝ್ ಮುಗಿಸಿ ಬಂದ ನಾಲ್ಕೈದು ಹಿರಿಯರು ಚಾಪೆಯ ಮೇಲೆ ಕುಳಿತಿದ್ದರು. ಮನೆಯ ಮಗಳು ನರ್ಸಿಂಗ್ ಪದವೀಧರೆ. ಬೆಳಗಾವಿಯ ಆಸ್ಪತ್ರೆಯೊಂದರಲ್ಲಿ ಮೂರು ವರ್ಷ ದುಡಿದವಳು. ಪ್ರೊಮೆಟ್ರಿಕ್ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ರಿಯಾದ್‌ನ ಆಸ್ಪತ್ರೆಯೊಂದಕ್ಕೆ ಆಯ್ಕೆಯಾಗಿದ್ದಳು. ಮಾತುಕತೆಗೆ ನಮ್ಮನ್ನೂ ಕರೆದಿದ್ದರು. ಹುಡುಗಿಯ ಚಾಚಾ ನೇರವಾಗಿಯೇ ಕೇಳಿದರು: "ಒಬ್ಬಾಕೀನ ಸಮುದ್ರದಾಚೆ ಹೆಂಗ ಕಳಸ್ತೀರಿ? ಸಂಗಾಟ ಮಹ್ರಮ್ ಯಾರದಾರ?"

ಪ್ರಶ್ನೆ ಸಹಜವಾದುದೇ. ಅದರ ಹಿಂದೆ ಪ್ರೀತಿಯೂ ಇದೆ, ದೀನಿನ ಕಾಳಜಿಯೂ ಇದೆ. ಆದರೆ ಚಾಪೆಯ ಒಂದು ಮೂಲೆಯಲ್ಲಿ ಕುಳಿತಿದ್ದ ಹುಡುಗಿಯ ದಾದಿ ಆಡಿದ ಮಾತು ಎಲ್ಲರನ್ನೂ ಸುಮ್ಮನಾಗಿಸಿತು. ಕೆಲವು ವರ್ಷಗಳ ಹಿಂದೆ ಅದೇ ಓಣಿಯ ವಿಧವೆಯೊಬ್ಬಳು ಏಜೆಂಟನೊಬ್ಬನ ಮಾತು ನಂಬಿ ಮನೆಗೆಲಸಕ್ಕೆಂದು ಮಸ್ಕತ್‌ಗೆ ಹೋಗಿದ್ದಳು. "ಆಕಿ ಹೋಗೂವಾಗ ಯಾರೂ ಕೂಡಿ ಕುಂತು ಮಾತಾಡಲಿಲ್ಲಪ್ಪ" ಎಂದರು ದಾದಿ. ಹೌದು, ಅಂದು ಯಾವ ಹಿರಿಯರೂ ಸಭೆ ಸೇರಿರಲಿಲ್ಲ, ಮಹ್ರಮ್ ಎಲ್ಲಿ ಎಂದು ಯಾರೂ ಕೇಳಿರಲಿಲ್ಲ. ಭೇಟಿ ವೀಸಾದಲ್ಲಿ ಹೋದ ಆಕೆಗೆ ಕರಾರು ಪತ್ರವಿರಲಿಲ್ಲ, ಪಾಸ್‌ಪೋರ್ಟ್ ಆಕೆಯ ಕೈಯಲ್ಲಿರಲಿಲ್ಲ. ಒಂದೂವರೆ ವರ್ಷದ ಸಂಬಳದಲ್ಲಿ ಅರ್ಧವನ್ನೂ ಪಡೆಯದೆ ಮರಳಿದ ಆಕೆ ಈಗ ಊರಲ್ಲಿ ಹೊಲಿಗೆ ಯಂತ್ರ ತುಳಿಯುತ್ತಿದ್ದಾಳೆ.

ಬಡವಿಯೊಬ್ಬಳು ಹೊಟ್ಟೆಪಾಡಿಗೆ ಒಂಟಿಯಾಗಿ ಹೊರಟಾಗ ಮೌನವಾಗಿರುವ ನಾವು, ಓದಿದವಳೊಬ್ಬಳು ಗೌರವದ ಉದ್ಯೋಗಕ್ಕೆ ಹೊರಟಾಗ ಮಾತ್ರ ಶರೀಅತ್ತನ್ನು ನೆನಪಿಸಿಕೊಳ್ಳುವುದೇಕೆ? ಈ ಪ್ರಶ್ನೆಯನ್ನು ನಾವು ಆ ಪಡಸಾಲೆಯಲ್ಲೂ ಕೇಳಿದೆವು, ಇಲ್ಲಿಯೂ ಕೇಳುತ್ತಿದ್ದೇವೆ. (ಅಂದಹಾಗೆ ಕೌಜಲಗಿ ಎಂದರೆ ನಾಡಿನ ಜನರಿಗೆ ಮೊದಲು ನೆನಪಾಗುವುದು ಶ್ರೀಕೃಷ್ಣ ಪಾರಿಜಾತದ ನಿಂಗಮ್ಮ. ಒಬ್ಬ ಹೆಣ್ಣುಮಗಳ ಹೆಸರಿನಿಂದ ಹೊರಜಗತ್ತಿಗೆ ಪರಿಚಯವಾದ ಊರು ಅದು.)

ಇನ್ನು ಶರೀಅತ್ತಿನ ವಿಷಯಕ್ಕೆ ಬರೋಣ. ಮಹ್ರಮ್ ಇಲ್ಲದೆ ಸ್ತ್ರೀ ದೂರ ಪ್ರಯಾಣ ಮಾಡಬಾರದೆಂಬ ಹದೀಸ್‌ಗಳಿವೆ. ಕೆಲವು ವರದಿಗಳಲ್ಲಿ ಒಂದು ಹಗಲು ಒಂದು ರಾತ್ರಿಯ ದಾರಿ ಎಂದಿದೆ, ಕೆಲವದರಲ್ಲಿ ಎರಡು ದಿನ, ಮತ್ತೆ ಕೆಲವದರಲ್ಲಿ ಮೂರು ದಿನ ಎಂದಿದೆ. ಅದನ್ನು ಅಲ್ಲಗಳೆಯುವ ಉದ್ದೇಶ ನಮಗಿಲ್ಲ. ನಮ್ಮ ಉತ್ತರ ಕರ್ನಾಟಕದ ಬಹುಪಾಲು ಜನ ಅನುಸರಿಸುವ ಹನಫೀ ಮಝ್‌ಹಬ್ ಈ ವಿಷಯದಲ್ಲಿ ಕಟ್ಟುನಿಟ್ಟಾಗಿದೆ. ಭಟ್ಕಳ ಮತ್ತು ಕರಾವಳಿಯಲ್ಲಿ ಹೆಚ್ಚಾಗಿರುವ ಶಾಫಿಈಗಳಲ್ಲಿ ಕಡ್ಡಾಯವಾದ ಹಜ್ಜ್‌ಗೆ ನಂಬಿಕಸ್ಥ ಸ್ತ್ರೀಯರ ಜೊತೆ ಸಾಕೆಂಬ ಅಭಿಪ್ರಾಯವಿದೆ. ಮಾಲಿಕೀಗಳಲ್ಲೂ ಸುರಕ್ಷಿತವಾದ ಸಂಗಡಿಗರ ಗುಂಪಿನೊಡನೆ ಅವಕಾಶವಿದೆ. ಪ್ರವಾದಿಯವರು(ಸ) ಅದೀ ಬಿನ್ ಹಾತಿಮ್‌ರೊಡನೆ ಮಾತನಾಡುತ್ತಾ, ಹೀರಾದಿಂದ ಹೊರಟ ಸ್ತ್ರೀಯೊಬ್ಬಳು ಅಲ್ಲಾಹನ ಹೊರತು ಯಾರ ಭಯವೂ ಇಲ್ಲದೆ ಕಅಬಾದವರೆಗೆ ಬಂದು ತವಾಫ್ ಮಾಡುವ ದಿನ ಬರಲಿದೆಯೆಂದು ತಿಳಿಸಿದುದೂ, ಅದೀ ಅವರು ತಮ್ಮ ಜೀವಿತದಲ್ಲೇ ಅದನ್ನು ಕಣ್ಣಾರೆ ಕಂಡುದಾಗಿ ಹೇಳಿದುದೂ ಬುಖಾರಿಯಲ್ಲಿದೆ. ಉಮರ್(ರ) ತಮ್ಮ ಕೊನೆಯ ಹಜ್ಜ್‌ನ ವರ್ಷದಲ್ಲಿ ಪ್ರವಾದಿ ಪತ್ನಿಯರಿಗೆ ಹಜ್ಜ್‌ಗೆ ಅನುಮತಿ ನೀಡಿ, ಜೊತೆಗೆ ಉಸ್ಮಾನ್(ರ) ಮತ್ತು ಅಬ್ದುರ್ರಹ್ಮಾನ್ ಬಿನ್ ಔಫ್(ರ)ರನ್ನು ಕಳುಹಿಸಿದ್ದರು. ನಮ್ಮ ಕಾಲದ ವಿದ್ವಾಂಸರಲ್ಲಿ ಯೂಸುಫ್ ಅಲ್ ಖರ್ಝಾವಿಯಂತಹವರು, ಆ ಆಜ್ಞೆಯ ಕಾರಣ ಸುರಕ್ಷತೆಯೇ ಆಗಿರುವಾಗ ಸುರಕ್ಷಿತವಾದ ಇಂದಿನ ವಿಮಾನಯಾನವನ್ನು ಅಂದಿನ ಮರುಭೂಮಿಯ ಒಂಟೆ ದಾರಿಗೆ ಹೋಲಿಸಲಾಗದೆಂದು ಹೇಳಿದ್ದಾರೆ. ಒಪ್ಪದ ಉಲಮಾಗಳೂ ಇದ್ದಾರೆ. ಫತ್ವಾ ನೀಡುವುದು ನಮ್ಮ ಕೆಲಸವಲ್ಲ.

ಆದರೆ ಇದೇ ವಿಷಯದ ಇನ್ನೊಂದು ಹದೀಸ್ ನಮ್ಮ ಮಿಂಬರ್‌ಗಳಿಂದ ಕೇಳಿಬರುವುದು ಅಪರೂಪ. ಒಬ್ಬ ಸಹಾಬಿ ಪ್ರವಾದಿಯವರ(ಸ) ಬಳಿ ಬಂದು, ಇಂತಹ ಯುದ್ಧಕ್ಕೆ ತನ್ನ ಹೆಸರು ಬರೆದಿದೆ, ಪತ್ನಿಯೋ ಹಜ್ಜ್‌ಗೆ ಹೊರಟಿದ್ದಾಳೆ ಎಂದು ತೋಡಿಕೊಂಡರು. ಪ್ರವಾದಿಯವರು(ಸ) ಆಕೆಯನ್ನು ಮರಳಿ ಕರೆಸು ಎನ್ನಲಿಲ್ಲ. ನೀನು ಹೋಗಿ ಪತ್ನಿಯ ಜೊತೆ ಹಜ್ಜ್ ಮಾಡು ಎಂದು ಆಜ್ಞಾಪಿಸಿದರು. ಯುದ್ಧದ ಪಟ್ಟಿಯಿಂದ ಗಂಡಸಿನ ಹೆಸರು ಬಿಟ್ಟುಹೋಯಿತು, ಹೆಂಗಸಿನ ಪ್ರಯಾಣ ನಿಲ್ಲಲಿಲ್ಲ. ಮಹ್ರಮ್ ಎಂದರೆ ಜೊತೆಗೆ ನಡೆಯುವ ಹೊಣೆ ಹೊತ್ತವನು. ನಾವು ಅವನನ್ನು ಬಾಗಿಲಿಗೆ ಅಡ್ಡ ನಿಲ್ಲುವವನನ್ನಾಗಿ ಮಾಡಿಕೊಂಡಿದ್ದೇವೆ. "ಮಹ್ರಮ್ ಯಾರದಾರ?" ಎಂದು ಕೇಳುವ ಚಾಚಾ, "ನಾನದೀನಿ, ಟಿಕೆಟ್ ತಗಸು" ಎಂದು ಏಕೆ ಹೇಳಬಾರದು? ಅಷ್ಟು ಶಕ್ತಿ ಇಲ್ಲದಿದ್ದರೆ, ಆಕೆ ಸುರಕ್ಷಿತವಾಗಿ ಹೋಗಿ ಬರಲು ಬೇಕಾದ ಸಿದ್ಧತೆಯಲ್ಲಾದರೂ ಕೈಜೋಡಿಸುವ ಹೊಣೆಯಿಂದ ತಪ್ಪಿಸಿಕೊಳ್ಳಲಾಗದು.

ಸರಕಾರದ ಹಜ್ಜ್ ನೀತಿ ಈ ಚರ್ಚೆಗೆ ಬೇರೆಯೇ ಬಣ್ಣ ಬಳಿದುದನ್ನು ಓದುಗರು ಮರೆತಿರಲಾರರು. 2018ರ ಹಜ್ಜ್‌ನಿಂದ, 45 ವರ್ಷ ದಾಟಿದ ಮಹಿಳೆಯರು ತಮ್ಮ ಮಝ್‌ಹಬ್ ಒಪ್ಪುವುದಾದರೆ ಕನಿಷ್ಠ ನಾಲ್ವರ ಗುಂಪಾಗಿ ಮಹ್ರಮ್ ಇಲ್ಲದೆ ಹೋಗಬಹುದೆಂಬ ಅವಕಾಶ ಬಂತು. ಮೊದಲ ವರ್ಷ ಅರ್ಜಿ ಹಾಕಿದವರು ಸುಮಾರು 1,300 ಮಂದಿ. 2023ರಲ್ಲಿ ಹೋದವರು 4,300ಕ್ಕೂ ಹೆಚ್ಚು. ಪ್ರಧಾನಿಯವರು 2017ರ ಡಿಸೆಂಬರ್‌ನ 'ಮನ್ ಕಿ ಬಾತ್'ನಲ್ಲಿ ಇದನ್ನು ತಾರತಮ್ಯದ ನಿವಾರಣೆಯೆಂದು ಕೊಂಡಾಡಿದರು. ಮುಂದಿನ ತಿಂಗಳೇ ಹಜ್ಜ್ ಸಬ್ಸಿಡಿ ರದ್ದಾಯಿತು. ವಿದೇಶದಲ್ಲಿ ಓದುವ ಅಲ್ಪಸಂಖ್ಯಾತ ವಿದ್ಯಾರ್ಥಿಗಳ ಸಾಲದ ಬಡ್ಡಿ ಭರಿಸುತ್ತಿದ್ದ 'ಪಢೋ ಪರದೇಶ್' ಯೋಜನೆಯನ್ನು 2022ರಲ್ಲಿ ನಿಲ್ಲಿಸಿದ್ದೂ ಇದೇ ಸರಕಾರ. ಮುಸ್ಲಿಮ್ ಮಹಿಳೆ ಒಂಟಿಯಾಗಿ ಹಜ್ಜ್‌ಗೆ ಹೋದರೆ ಹೆಮ್ಮೆ, ಓದಲು ಹೊರಟರೆ ಬೊಕ್ಕಸಕ್ಕೆ ಭಾರ! ರಾಜಕೀಯ ಏನೇ ಇರಲಿ, ಅರ್ಜಿ ತುಂಬಿದ ಆ ಸಾವಿರಾರು ತಾಯಂದಿರು ಯಾರ ಮತಕ್ಕಾಗಿಯೂ ತುಂಬಲಿಲ್ಲ. ಅತ್ತ ಸೌದಿ ಅರೇಬಿಯಾವೇ 2019ರಲ್ಲಿ 21 ವರ್ಷ ದಾಟಿದ ತನ್ನ ಮಹಿಳೆಯರಿಗೆ ಪೋಷಕರ ಒಪ್ಪಿಗೆಯಿಲ್ಲದೆ ಪಾಸ್‌ಪೋರ್ಟ್ ಪಡೆದು ಪ್ರಯಾಣಿಸುವ ಹಕ್ಕು ನೀಡಿದೆ.

ಹಾಗಾದರೆ ಸಿದ್ಧತೆ ಎಂದರೇನು? ಮೊದಲು ಹೆಸರಿನಿಂದಲೇ ಆರಂಭಿಸಬೇಕು. ನಮ್ಮ ಹೆಣ್ಣುಮಕ್ಕಳ ಹೆಸರು ಶಾಲೆಯ ದಾಖಲೆಯಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು, ನಿಕಾಹ್ ನಾಮಾದಲ್ಲಿ ಮತ್ತೊಂದು. ಒಂದರಲ್ಲಿ 'ಬೀ', ಮತ್ತೊಂದರಲ್ಲಿ 'ಬೇಗಂ', ಮಗದೊಂದರಲ್ಲಿ ಗಂಡನ ಅಡ್ಡಹೆಸರು. ಗುಮಾಸ್ತನ ಲೇಖನಿ ಹರಿದಂತೆ ಆಕೆಯ ಹೆಸರೂ ಹರಿದಿದೆ. ಎಷ್ಟೋ ಪಾಸ್‌ಪೋರ್ಟ್‌ಗಳಲ್ಲಿ ಒಂದೇ ಪದದ ಹೆಸರಿರುತ್ತದೆ. 2022ರ ನವೆಂಬರ್‌ನಲ್ಲಿ ಯುಎಇ, ಒಂದೇ ಪದದ ಹೆಸರಿರುವವರಿಗೆ ಭೇಟಿ ವೀಸಾದ ಮೇಲೆ ಪ್ರವೇಶವಿಲ್ಲವೆಂದಿತು. ಪಾಸ್‌ಪೋರ್ಟ್‌ನ ಎರಡನೆಯ ಪುಟದಲ್ಲಿ ತಂದೆಯ ಅಥವಾ ಕುಟುಂಬದ ಹೆಸರಿದ್ದರೆ ಸಾಕೆಂದು ಬಳಿಕ ಸ್ಪಷ್ಟಪಡಿಸಿತು. ಆದ್ದರಿಂದ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಬ್ಯಾಂಕ್ ಪುಸ್ತಕ ಎಲ್ಲದರಲ್ಲೂ ಹೆಸರಿನ ಒಂದೊಂದು ಅಕ್ಷರ ಹೊಂದಿದ ಮೇಲೆಯೇ ಪಾಸ್‌ಪೋರ್ಟ್‌ಗೆ ಅರ್ಜಿ ಹಾಕುವುದು ಜಾಣತನ. ಗಂಡ ಬಿಟ್ಟವಳು, ತಲಾಖ್ ಆದವಳು ತನಗೆ ಪಾಸ್‌ಪೋರ್ಟ್ ಸಿಗದೆಂದು ಹೆದರಬೇಕಾಗಿಲ್ಲ. 2016ರ ಡಿಸೆಂಬರ್‌ನಲ್ಲಿ ಬದಲಾದ ನಿಯಮದಂತೆ ವಿವಾಹ ಪ್ರಮಾಣಪತ್ರ ಬೇಕಿಲ್ಲ, ತಂದೆ ತಾಯಿಯರಲ್ಲಿ ಒಬ್ಬರ ಹೆಸರಿದ್ದರೆ ಸಾಕು, ಬೇರ್ಪಟ್ಟ ಗಂಡನ ಹೆಸರನ್ನು ಬರೆಯಲೇಬೇಕೆಂದಿಲ್ಲ.

ಎರಡನೆಯದು ಏಜೆಂಟನ ವಿಷಯ. ಹತ್ತನೆಯ ತರಗತಿ ಮುಗಿಸದವರ ಪಾಸ್‌ಪೋರ್ಟ್ ಇಸಿಆರ್ ವರ್ಗಕ್ಕೆ ಸೇರುತ್ತದೆ. ಅಂತಹವರು ಕೊಲ್ಲಿ ರಾಷ್ಟ್ರಗಳಿಗೆ ದುಡಿಯಲು ಹೋಗಬೇಕಾದರೆ 1983ರ ಎಮಿಗ್ರೇಷನ್ ಕಾಯ್ದೆಯಂತೆ ಸರಕಾರದ ಅನುಮತಿ ಬೇಕು. ಈ ವರ್ಗದ ಮಹಿಳೆಗೆ 30 ವರ್ಷ ತುಂಬಿರಲೇಬೇಕು. ನರ್ಸುಗಳಾದರೆ ಎಷ್ಟೇ ಓದಿರಲಿ, 2015ರಿಂದ ಅವರಿಗೂ ಈ ಅನುಮತಿ ಕಡ್ಡಾಯ. ಏಜೆಂಟ್ ನೋಂದಾಯಿತನೋ ಅಲ್ಲವೋ ಎಂಬುದನ್ನು ವಿದೇಶಾಂಗ ಸಚಿವಾಲಯದ 'ಇ-ಮೈಗ್ರೇಟ್' ತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಆತ ಪಡೆಯಬಹುದಾದ ಸೇವಾ ಶುಲ್ಕದ ಮಿತಿ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. "ಈಗ ಭೇಟಿ ವೀಸಾದಲ್ಲಿ ಹೋಗಲಿ, ಅಲ್ಲಿ ಹೋದ ಮೇಲೆ ಬದಲಿಸಿಕೊಂಡರಾಯಿತು" ಎಂದು ಒಬ್ಬ ಹೇಳಿದರೆ ಅಲ್ಲಿಗೆ ಮಾತು ಮುಗಿಸಿ ಎದ್ದುಬರಬೇಕು. ಮಸ್ಕತ್‌ಗೆ ಹೋದ ಆ ವಿಧವೆಗೂ ಇದೇ ಮಾತು ಹೇಳಿದ್ದರು.

ಕರಾರು ಪತ್ರದಲ್ಲಿ ಸಂಬಳ, ಕೆಲಸದ ಗಂಟೆ, ವಸತಿ, ರಜೆ, ಮರಳುವ ಟಿಕೆಟ್ ಯಾರದು ಎಂಬುದೆಲ್ಲ ಇರಬೇಕು. ಅರ್ಥವಾಗದ ಭಾಷೆಯಲ್ಲಿದ್ದರೆ ಬಲ್ಲವರಿಂದ ಓದಿಸಿ ಕೇಳಬೇಕು. ಅದರ ಒಂದು ಪ್ರತಿ ಮನೆಯಲ್ಲಿ, ಒಂದು ಆಕೆಯ ಚೀಲದಲ್ಲಿ, ಒಂದು ಮೊಬೈಲ್‌ನಲ್ಲಿ. ಮೂಲ ಪಾಸ್‌ಪೋರ್ಟ್ ಮಾತ್ರ ಆಕೆಯ ಬಳಿಯೇ ಇರಬೇಕು. 1967ರ ಪಾಸ್‌ಪೋರ್ಟ್ ಕಾಯ್ದೆಯಂತೆ ಅದು ಭಾರತ ಸರಕಾರದ ಸೊತ್ತು. ಮಾಲೀಕ ಅದನ್ನು ಕಸಿದಿಟ್ಟುಕೊಳ್ಳುವುದು ಸೌದಿಯಲ್ಲೂ ಯುಎಇಯಲ್ಲೂ ನಿಷಿದ್ಧ. ಹೊರನಾಡಿನಲ್ಲಿ ಒಂಟಿ ಹೆಣ್ಣಿಗೆ ಅದಕ್ಕಿಂತ ದೊಡ್ಡ ರಕ್ಷಣೆ ಇನ್ನೊಂದಿಲ್ಲ. ಮನೆಯಲ್ಲೇ ತಂದೆಯೋ ಗಂಡನೋ "ನನ್ನ ಹತ್ರ ಇರಲಿ" ಎಂದು ಬೀರುವಿನಲ್ಲಿ ಬೀಗ ಹಾಕಿಟ್ಟು ರೂಢಿ ಮಾಡಿಸಿದರೆ, ಪರದೇಶದ ಮಾಲೀಕ ಕೈಚಾಚಿದಾಗಲೂ ಆಕೆ ಕೊಟ್ಟುಬಿಡುತ್ತಾಳೆ. ಹಾಗೆಯೇ ಆಕೆಯ ಹೆಸರಿನಲ್ಲೇ ಒಂದು ಬ್ಯಾಂಕ್ ಖಾತೆ ಇದ್ದು, ಅದರಲ್ಲಿ ಮರಳಿ ಬರುವ ಟಿಕೆಟ್ಟಿನಷ್ಟು ಹಣ ಯಾವಾಗಲೂ ಇರಬೇಕು. ಆ ಹಣಕ್ಕೆ ತಮ್ಮನ ಮದುವೆಯ ನೆಪದಲ್ಲೂ ಯಾರೂ ಕೈಹಾಕಬಾರದು.

ಇನ್ನು ಗಂಟುಮೂಟೆ. ಯಾರಾದರೂ ಹೊರಟಿದ್ದಾರೆಂದು ತಿಳಿದರೆ ಸಾಕು, ಓಣಿಯವರೆಲ್ಲ "ನಮ್ಮ ಹುಡುಗಗ ಇದೊಂದು ಮುಟ್ಟಿಸವ್ವ" ಎಂದು ಪೊಟ್ಟಣ ತರುತ್ತಾರೆ. 2019ರಲ್ಲಿ ಮುಂಬಯಿಯ ಒಂದು ದಂಪತಿ, ಬಂಧುವೊಬ್ಬಳು ಕೊಟ್ಟ ಪೊಟ್ಟಣದಲ್ಲಿ ನಾಲ್ಕು ಕಿಲೋಗೂ ಹೆಚ್ಚು ಹಶೀಶ್ ಇದ್ದುದರಿಂದ ಖತರ್‌ನ ದೋಹಾದಲ್ಲಿ ಸೆರೆಯಾದರು. ಹತ್ತು ವರ್ಷದ ಶಿಕ್ಷೆ ವಿಧಿಸಲಾಯಿತು. ಗರ್ಭಿಣಿಯಾಗಿದ್ದ ಆಕೆ ಜೈಲಿನಲ್ಲೇ ಹೆತ್ತಳು. ನಿರ್ದೋಷಿಗಳೆಂದು ಸಾಬೀತಾಗಿ ಅವರು ಮನೆ ಸೇರಿದ್ದು 2021ರಲ್ಲಿ. ಕೊಟ್ಟವಳು ಹೊರಗಿನವಳಲ್ಲ, ಸ್ವಂತ ಅತ್ತೆಯೆಂಬುದನ್ನು ಗಮನಿಸಬೇಕು. ನಮ್ಮ ಗೋಕಾಕದ ಕರದಂಟನ್ನೂ ನೋಡಿಯೇ ಕಟ್ಟಬೇಕು. ಕೆಲವರು ಅದಕ್ಕೆ ಗಸಗಸೆ ಹಾಕುತ್ತಾರೆ. ಗಸಗಸೆ ಸೌದಿ ಮತ್ತು ಯುಎಇಯಲ್ಲಿ ನಿಷೇಧಿತ ವಸ್ತು. ನಿದ್ರೆಯ ಗುಳಿಗೆ, ಕೊಡೀನ್ ಇರುವ ಕೆಮ್ಮಿನ ಔಷಧ, ಟ್ರಮಡಾಲ್‌ನಂತಹ ನೋವಿನ ಮಾತ್ರೆಗಳೂ ಅಲ್ಲಿಯ ಪರವಾನಗಿಯಿಲ್ಲದೆ ಸಲ್ಲವು.

ಇಳಿಯುವ ಹೊತ್ತು ಹಗಲಾಗಿದ್ದರೆ ಒಳ್ಳೆಯದು. ಕರೆದೊಯ್ಯಲು ಬರುವವರ ಹೆಸರು, ತಂಗುವ ಮನೆಯ ವಿಳಾಸ, ಭಾರತೀಯ ರಾಯಭಾರ ಕಚೇರಿಯ ಸಂಖ್ಯೆ ಇವನ್ನು ಮೊಬೈಲ್‌ನಲ್ಲಷ್ಟೇ ಅಲ್ಲ, ಕಾಗದದ ಮೇಲೂ ಬರೆದಿಡಬೇಕು, ಏಕೆಂದರೆ ಮೊದಲು ಕಳೆದುಹೋಗುವುದು ಅಥವಾ ಕಸಿದುಕೊಳ್ಳಲ್ಪಡುವುದು ಮೊಬೈಲೇ. ವಾರದಲ್ಲಿ ಯಾವ ದಿನ ಯಾವ ಹೊತ್ತಿಗೆ ಕರೆ ಮಾಡುವುದು ಎಂದು ನಿಶ್ಚಯಿಸಿಕೊಳ್ಳಬೇಕು. ಎದುರಿಗೆ ಯಾರಾದರೂ ನಿಂತಿದ್ದಾಗ ಬಾಯಿಬಿಟ್ಟು ಹೇಳಲಾಗದ ಕಷ್ಟವನ್ನು ತಿಳಿಸಲು ಮನೆಯವರಿಗಷ್ಟೇ ಗೊತ್ತಿರುವ ಒಂದು ಮಾತು ಇರಲಿ. "ಕರಿ ಆಡು ಈದ್ತೇನು?" ಎಂದರೂ ಸಾಕು. ಎರಡು ಸಲ ಕರೆ ಬಾರದಿದ್ದರೆ ಯಾರು ಯಾರಿಗೆ ತಿಳಿಸಬೇಕೆಂಬುದು ಮೊದಲೇ ಗೊತ್ತಿರಬೇಕು. ವಿದೇಶಾಂಗ ಸಚಿವಾಲಯದ 'ಮದದ್' ತಾಣದಲ್ಲಿ ಊರಲ್ಲಿದ್ದುಕೊಂಡೇ ದೂರು ದಾಖಲಿಸಬಹುದು. ಸಂಕಷ್ಟಕ್ಕೆ ಸಿಲುಕಿದವರ ವಸತಿಗೂ ಟಿಕೆಟ್ಟಿಗೂ ರಾಯಭಾರ ಕಚೇರಿಗಳಲ್ಲಿ 2009ರಿಂದ ಭಾರತೀಯ ಸಮುದಾಯ ಕಲ್ಯಾಣ ನಿಧಿಯಿದೆ. ಬಹಳಷ್ಟು ಕುಟುಂಬಗಳು ತಿಂಗಳುಗಟ್ಟಲೆ ಏಜೆಂಟನ ಮನೆಯ ಕಟ್ಟೆ ಕಾಯುತ್ತವೆಯೇ ಹೊರತು ಈ ಬಾಗಿಲು ತಟ್ಟುವುದಿಲ್ಲ.

ನಮ್ಮ ಜಮಾಅತ್‌ಗಳು ಈ ಕೆಲಸವನ್ನು ಕೈಗೆತ್ತಿಕೊಳ್ಳಬಾರದೇಕೆ? ಹಜ್ಜ್‌ಗೆ ಹೋಗುವವರಿಗೆ ಪ್ರತಿವರ್ಷ ತರಬೇತಿ ಶಿಬಿರ ನಡೆಸುವ ಮಸೀದಿಗಳು, ದುಡಿಯಲೂ ಓದಲೂ ಹೋಗುವ ಹೆಣ್ಣುಮಕ್ಕಳಿಗಾಗಿ ವರ್ಷಕ್ಕೊಂದು ದಿನ ಮೀಸಲಿಡಬಹುದು. ಮಸ್ಕತ್‌ನಿಂದ ಮರಳಿದ ಆ ವಿಧವೆಯೇ ಅಲ್ಲಿ ಮಾತನಾಡಲಿ. ಆಕೆಗಿಂತ ಹೆಚ್ಚು ಬಲ್ಲವರು ನಮ್ಮಲ್ಲಿ ಯಾರಿದ್ದಾರೆ?

ಅಂದು ಪಡಸಾಲೆಯಲ್ಲಿ ಇಶಾ ಅಝಾನ್‌ವರೆಗೂ ಮಾತು ನಡೆಯಿತು. ಚಾಚಾ ಒಪ್ಪಿದೆನೆಂದು ಹೇಳಲಿಲ್ಲ. ಹುಡುಗಿ ಒಳಗಿನಿಂದ ಕರಾರು ಪತ್ರ ತಂದು ಅವರ ಮುಂದಿಟ್ಟಳು. ಅವರು ಕನ್ನಡಕ ಏರಿಸಿ ಬಹಳ ಹೊತ್ತು ಹಾಳೆ ತಿರುವಿದರು. ಓದಿದರೋ ಇಲ್ಲವೋ ತಿಳಿಯದು. ನಮಾಝ್‌ಗೆಂದು ಎಲ್ಲರೂ ಏಳುವಾಗ ಅವರು ಅಣ್ಣನ ಕಡೆ ತಿರುಗಿ ಕೇಳಿದ್ದು ಒಂದೇ ಮಾತು: "ವಿಮಾನ ಎಷ್ಟಕ್ಕ ಇಳೀತೈತಂತ?"