ಅಜೈಲ್ ಆದ್ರಿ, ಗೇಜ್ ಯಾರು ನೋಡಿದ್ರು?

ಕಂಪನಿಯೊಂದು ಅಜೈಲ್‌ಗೆ ಹೋಯಿತು ಅಂದ್ರೆ ಏನೇನು ಬದಲಾಗುತ್ತೆ ನೋಡ್ರಿ. ಗೋಡೆಗೆ ಬೋರ್ಡ್ ಬರುತ್ತೆ, ಬೋರ್ಡ್ ತುಂಬ ಹಳದಿ ಚೀಟಿ ಬರುತ್ತವೆ. ದಿನಾ ಮುಂಜಾನೆ ಹದಿನೈದು ನಿಮಿಷ ನಿಂತುಕೊಂಡೇ ಮಾಡುವ ಮೀಟಿಂಗ್ ಬರುತ್ತೆ. ನಿನ್ನೆವರೆಗೆ ಪ್ರಾಜೆಕ್ಟ್ ಲೀಡ್ ಆಗಿದ್ದವರು ಎರಡು ದಿನದ ಟ್ರೇನಿಂಗ್ ಮುಗಿಸಿ ಸ್ಕ್ರಮ್ ಮಾಸ್ಟರ್ ಆಗುತ್ತಾರೆ. ಆರು ತಿಂಗಳಿಗೊಮ್ಮೆ ಇದ್ದ ರಿಲೀಸ್ ಎರಡು ವಾರಕ್ಕೊಮ್ಮೆ ಆಗುತ್ತೆ. ಬದಲಾಗದೆ ಉಳಿಯೋದು ಒಂದೇ: ಹಳೇ ಪದ್ಧತಿಯಲ್ಲಿದ್ದಾಗ ಬರೆದಿಟ್ಟ ಆಟೊಮೇಶನ್ ಸ್ಕ್ರಿಪ್ಟುಗಳ ರಾಶಿ. ಅದನ್ನು ಯಾರೂ ಬಿಚ್ಚಿ ನೋಡಲ್ಲ. ಹಾಗೇ ಹೊತ್ತು ತಂದು ಹೊಸ ಪದ್ಧತಿಯೊಳಗೆ ಇಟ್ಟು, "ನಮ್ಮಲ್ಲಿ ಟೆಸ್ಟಿಂಗ್ ಪೂರ್ತಿ ಆಟೊಮೇಟೆಡ್" ಅಂತ ಕ್ಲೈಂಟ್‌ಗೆ ಸ್ಲೈಡ್ ತೋರಿಸುತ್ತಾರೆ.

ನನ್ನ ತಕರಾರು ಇದರ ಮೇಲೇ. ಅಜೈಲ್‌ಗೆ ಹೋಗುವ ಟೀಮ್ ಮೊದಲು ಮಾಡಬೇಕಾದ ಕೆಲಸ ಬೋರ್ಡ್ ತರುವುದಲ್ಲ, ಈ ರಾಶಿಯನ್ನು ಒಂದೊಂದಾಗಿ ಪರೀಕ್ಷೆ ಮಾಡಿ, ಕೆಲಸಕ್ಕೆ ಬಾರದ್ದನ್ನು ಎಸೆಯುವುದು. ಅದನ್ನು ಮಾಡದ ಟೀಮ್ ಅಜೈಲ್ ಆಗಿಲ್ಲ, ಹಳೇ ಕೆಲಸವನ್ನೇ ಅವಸರದಲ್ಲಿ ಮಾಡುತ್ತಿದೆ ಅಷ್ಟೇ.

ನಮ್ಮ ಫೀಲ್ಡಿನ ಪರಿಚಯ ಇಲ್ಲದವರಿಗೆ ಒಂದು ಮಾತು. ಸಾಫ್ಟ್‌ವೇರ್ ಸರಿ ಇದೆಯಾ ಅಂತ ಮನುಷ್ಯ ಕೂತು ಒಂದೊಂದೇ ಬಟನ್ ಒತ್ತಿ ನೋಡುವ ಬದಲು, ಆ ಒತ್ತುವ ಕೆಲಸವನ್ನು ಇನ್ನೊಂದು ಪ್ರೋಗ್ರಾಂಗೆ ಒಪ್ಪಿಸುವುದೇ ಟೆಸ್ಟ್ ಆಟೊಮೇಶನ್. ಎಲ್ಲ ಸರಿ ಇದ್ದರೆ ಹಸಿರು, ತಪ್ಪಿದ್ದರೆ ಕೆಂಪು. ಹಳೇ ಪದ್ಧತಿಯಲ್ಲಿ ಮೊದಲು ಡಿಸೈನ್, ಆಮೇಲೆ ಕೋಡ್, ಎಲ್ಲಕ್ಕೂ ಕೊನೆಗೆ ಟೆಸ್ಟಿಂಗ್. ಕೊನೆಗೆ ಬರುವ ಹೊತ್ತಿಗೆ ಸ್ಕ್ರೀನ್ ಗಟ್ಟಿಯಾಗಿರುತ್ತಿತ್ತು. ಈ ಬಟನ್ ಒತ್ತು, ಈ ಡಬ್ಬಿಯಲ್ಲಿ ಹೆಸರು ಬರಿ, ಅಂತ ಸ್ಕ್ರೀನ್ ಹಿಡಿದೇ ಸ್ಕ್ರಿಪ್ಟ್ ಬರೆದರೂ ಆರು ತಿಂಗಳು ನಡೆಯುತ್ತಿತ್ತು. ಆ ಕಾಲಕ್ಕೆ ಅದು ತಪ್ಪಲ್ಲ. ಈಗ ಎರಡು ವಾರಕ್ಕೊಮ್ಮೆ ಬಟನ್ ಜಾಗ ಬದಲಾಗುತ್ತೆ, ಡಬ್ಬಿ ಮಾಯ ಆಗುತ್ತೆ, ಎರಡು ಸ್ಕ್ರೀನ್ ಸೇರಿ ಒಂದಾಗುತ್ತವೆ. ಸ್ಕ್ರಿಪ್ಟ್ ಮಾತ್ರ ಇಲ್ಲದ ಬಟನ್ ಹುಡುಕುತ್ತಾ ನಿಂತಿರುತ್ತೆ.

ಬರೀ ಲೆಕ್ಕ ಹಾಕಿ ನೋಡೋಣ. ಒಂದು ಟೀಮಿನ ಹತ್ತಿರ ಇಂಥ 1,200 ಸ್ಕ್ರಿಪ್ಟ್ ಇವೆ ಅಂದುಕೊಳ್ಳಿ. ಒಂದಾದ ಮೇಲೊಂದು ಓಡಿಸಿದರೆ, ತಲಾ 30 ಸೆಕೆಂಡಿನಂತೆ ಹತ್ತು ತಾಸು ಬೇಕು. ಇನ್ನು ಒಂದೊಂದು ಸ್ಕ್ರಿಪ್ಟೂ ಸಾವಿರಕ್ಕೆ ಒಂದೇ ಸಲ, ನೆಟ್‌ವರ್ಕ್ ನಿಧಾನ ಅಂತಲೋ ಪೇಜ್ ತಡವಾಗಿ ತೆರೆಯಿತು ಅಂತಲೋ, ಸುಮ್ಮನೆ ಕೆಂಪಾಗುತ್ತೆ ಅಂತ ಇಟ್ಟುಕೊಳ್ಳಿ. ಸಾವಿರಕ್ಕೆ ಒಂದು ಅಂದ್ರೆ ಭಾಳ ಒಳ್ಳೇ ಸ್ಕ್ರಿಪ್ಟೇ ಆಯಿತಲ್ಲ? ಆದರೂ 1,200 ಒಟ್ಟಿಗೆ ಓಡಿದಾಗ ಎಲ್ಲವೂ ಹಸಿರಾಗುವ ಸಾಧ್ಯತೆ ಶೇಕಡಾ 30 ಮಾತ್ರ. ಕೋಡ್‌ನಲ್ಲಿ ಒಂದೂ ತಪ್ಪಿಲ್ಲದಿದ್ದರೂ ಹತ್ತು ರಾತ್ರಿಯಲ್ಲಿ ಸುಮಾರು ಏಳು ರಾತ್ರಿ ಕೆಂಪು ದೀಪ! ತಿಂಗಳೊಪ್ಪತ್ತಿನಲ್ಲಿ ಟೀಮ್ ಕೆಂಪು ನೋಡುವುದನ್ನೇ ಬಿಡುತ್ತೆ. "ಅದು ಹಂಗ ಬರ್ತದ್ರಿ, ಇನ್ನೊಮ್ಮೆ ಓಡಸ್ರಿ" ಅನ್ನುವ ಮಾತು ರೂಢಿಯಾಗುತ್ತೆ. ಖರೇ ತಪ್ಪು ಬಂದ ದಿನವೂ ಅದೇ ಮಾತು.

ಇದನ್ನು ನಮಗೆ ಯಾರೂ ಕಲಿಸಲಿಲ್ಲ. ಮಚ್ಛೆಯ ಜ್ಞಾನಸಂಗಮದಲ್ಲಿರುವ ನಮ್ಮ ವಿಟಿಯು ಸಿಲೆಬಸ್‌ನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಲ್ಯಾಬ್ ಓದಿದವರಿಗೆ ತ್ರಿಭುಜದ ಪ್ರೋಗ್ರಾಂ ನೆನಪಿರುತ್ತೆ. ಮೂರು ಬಾಹು ಕೊಟ್ಟರೆ ಅದು ಸಮಬಾಹುವೋ, ಸಮದ್ವಿಬಾಹುವೋ, ತ್ರಿಭುಜವೇ ಅಲ್ಲವೋ ಹೇಳಬೇಕು. ಅದಕ್ಕೆ ಟೆಸ್ಟ್ ಬರೆಯಬೇಕು. ಒಳ್ಳೇ ಅಭ್ಯಾಸವೇ, ಬೇಡ ಅನ್ನಲ್ಲ. ಆದರೆ ತ್ರಿಭುಜದ ನಿಯಮ ಯಾವ ಸ್ಪ್ರಿಂಟ್‌ನಲ್ಲೂ ಬದಲಾಗಲ್ಲ. ಇವತ್ತು ಬರೆದ ಟೆಸ್ಟ್ ನೂರು ವರ್ಷ ನಡೆಯುತ್ತೆ. ಹೊರಗಿನ ಸಾಫ್ಟ್‌ವೇರ್ ಹಾಗಲ್ಲ. ಸಹಕಾರ ಸಂಘಗಳಲ್ಲಿ ರೈತರಿಗೆ ಸಿಗುವ ಬಡ್ಡಿ ಇಲ್ಲದ ಅಲ್ಪಾವಧಿ ಸಾಲದ ಮಿತಿಯನ್ನೇ ನೋಡಿ. 2023ರಲ್ಲಿ ಸರ್ಕಾರ ಅದನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿತು. ತ್ರಿಭುಜದ ನಿಯಮ ಬಜೆಟ್‌ನಲ್ಲಿ ಬದಲಾಗಲ್ಲ, ಸಾಲದ ನಿಯಮ ಬದಲಾಗುತ್ತೆ. ಟೆಸ್ಟ್ ಬರೆಯುವುದಕ್ಕೆ ಮಾರ್ಕ್ಸ್ ಉಂಟು. ಬರೆದ ಟೆಸ್ಟನ್ನು ಯಾವಾಗ ಕಿತ್ತು ಹಾಕಬೇಕು ಅನ್ನುವುದಕ್ಕೆ ಒಂದು ಪ್ರಶ್ನೆಯೂ ಇಲ್ಲ.

ನಾನು ಕೆಲಸ ಮಾಡಿದ ಒಂದು ಟೀಮು ಇಂಥ ಸಂಘಗಳಿಗೇ ಸಾಫ್ಟ್‌ವೇರ್ ಮಾಡುತ್ತಿತ್ತು. ಅಜೈಲ್‌ಗೆ ಹೋದ ಮೇಲೆ ನಾವು ನಾಲ್ಕು ಜನ ಹಟ ಹಿಡಿದು ಹಳೇ ಸ್ಕ್ರಿಪ್ಟುಗಳನ್ನು ಓದಲು ಕೂತೆವು. "ಬಡ್ಡಿ ಪರಿಶೀಲನೆ" ಅಂತ ಹೆಸರಿದ್ದ ಸ್ಕ್ರಿಪ್ಟೊಂದು ಸಿಕ್ಕಿತು. ವರ್ಷಗಟ್ಟಲೆ ಒಂದು ದಿನವೂ ಕೆಂಪಾಗದ ಸ್ಕ್ರಿಪ್ಟು ಅದು. ತೆರೆದು ನೋಡಿದರೆ 50,000 ರೂಪಾಯಿ ಸಾಲ ಹಾಕುತ್ತೆ, ಬಟನ್ ಒತ್ತುತ್ತೆ, ರಸೀದಿ ನಂಬರ್ ಬಂತಾ ಅಂತ ನೋಡುತ್ತೆ, ಹಸಿರು ತೋರಿಸುತ್ತೆ. ಬಡ್ಡಿ ಎಷ್ಟು ಬಂತು ಅಂತ ನೋಡೋದೇ ಇಲ್ಲ! ಮಿತಿ 3 ಲಕ್ಷ ಇರಲಿ, 5 ಲಕ್ಷ ಇರಲಿ, ಬಡ್ಡಿ ಸೊನ್ನೆ ಬರಲಿ, ಡಬಲ್ ಬರಲಿ, ಅದಕ್ಕೆಲ್ಲ ಒಂದೇ. 4 ಲಕ್ಷ ಸಾಲ ತಗೊಂಡ ರೈತನ ಮೇಲೆ ತಪ್ಪು ಬಡ್ಡಿ ಬಿದ್ದಿದ್ದರೆ ಅವನು ಸಂಘದ ಕೌಂಟರಿನಲ್ಲಿ ನಿಂತು ಸೆಕ್ರೆಟರಿ ಜೊತೆ ಜಗಳ ಆಡಬೇಕಾಗಿತ್ತು, "ಕಂಪ್ಯೂಟರ್ ಹಂಗ ತೋರಸಾಕತ್ತೈತಿ" ಅನ್ನುವ ಉತ್ತರ ಕೇಳಬೇಕಾಗಿತ್ತು. ನಮ್ಮ ಡ್ಯಾಶ್‌ಬೋರ್ಡ್ ಆ ದಿನವೂ ಹಸಿರೇ ಇರುತ್ತಿತ್ತು.

ಈ ಮಾತು ಬೆಳಗಾವಿಯವರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಉದ್ಯಮಬಾಗದ ಯಾವುದಾದರೂ ಮಷೀನ್ ಶಾಪ್‌ಗೆ ಹೋಗಿ. ತೂತಿನ ಅಳತೆ ನೋಡಲು ಪ್ಲಗ್ ಗೇಜ್ ಇರುತ್ತೆ. ಒಂದು ತುದಿ 'ಗೋ', ಅದು ತೂತಿನೊಳಗೆ ಹೋಗಬೇಕು. ಇನ್ನೊಂದು 'ನೋ ಗೋ', ಅದು ಹೋಗಬಾರದು. ನಮ್ಮ ಹಸಿರು, ಕೆಂಪು ಇದೇ. ಆದರೆ ಅಲ್ಲಿನವರಿಗೆ ಗೊತ್ತಿರುವ ಎರಡು ಸಂಗತಿ ನಮ್ಮ ಏಸಿ ಆಫೀಸಿನವರಿಗೆ ಗೊತ್ತಿಲ್ಲ. ಮೊದಲನೆಯದು, ಗೇಜೂ ಸವೆಯುತ್ತೆ. ಅದಕ್ಕೇ ಕಾಲಕಾಲಕ್ಕೆ ಕ್ಯಾಲಿಬ್ರೇಶನ್ ಮಾಡಿಸಿ, ಮುಂದಿನ ತಾರೀಖಿನ ಸ್ಟಿಕ್ಕರ್ ಹಚ್ಚಿರುತ್ತಾರೆ. ಎರಡನೆಯದು, ಡ್ರಾಯಿಂಗ್‌ನಲ್ಲಿ 25 ಮಿ.ಮೀ. ಹೋಗಿ 26 ಆಯಿತು ಅಂದ್ರೆ ಹಳೇ ಗೇಜ್ ಆ ಲೈನಿನಿಂದ ಹೊರಗೆ. "ನಮ್ಮ ಹತ್ತಿರ 1,200 ಗೇಜ್ ಅದಾವ" ಅಂತ ಮೀಸೆ ತಿರುವುವ ಫೋರ್‌ಮನ್ನನ್ನು ನಾನಂತೂ ನೋಡಿಲ್ಲ. ನಮ್ಮಲ್ಲಿ ಸ್ಕ್ರಿಪ್ಟಿನ ಸಂಖ್ಯೆಯೇ ಸಾಧನೆ, ಅದರ ಮೇಲೆಯೇ ಅಪ್ರೇಸಲ್.

ಹಳೇದನ್ನು ನೋಡದೆ ಬಿಟ್ಟರೆ ಏನಾಗುತ್ತೆ ಅನ್ನುವುದಕ್ಕೆ ಅಮೆರಿಕದ ನೈಟ್ ಕ್ಯಾಪಿಟಲ್ ಕಥೆ ಸಾಕು. ಷೇರು ವಹಿವಾಟಿನ ಕಂಪನಿ ಅದು. 2003ರಲ್ಲೇ ಬಳಕೆ ನಿಂತ ಒಂದು ಕೋಡ್ ಸಿಸ್ಟಮ್ಮಿನಲ್ಲಿ ಹಾಗೇ ಉಳಿದಿತ್ತು. 2005ರಲ್ಲಿ ಅದರ ಸುತ್ತಲಿನ ಕೋಡ್ ಬದಲಾಯಿತು. ಹಳೇ ಕೋಡ್ ಇನ್ನೂ ಸರಿ ಇದೆಯಾ ಅಂತ ಯಾರೂ ಮತ್ತೆ ಟೆಸ್ಟ್ ಮಾಡಲಿಲ್ಲ. 2012ರಲ್ಲಿ ಹೊಸ ಕೋಡ್ ಹಾಕುವಾಗ ಎಂಟು ಸರ್ವರ್‌ಗಳಲ್ಲಿ ಒಂದು ಬಿಟ್ಟುಹೋಯಿತು. ಆಗಸ್ಟ್ 1ರ ಮುಂಜಾನೆ ಆ ಒಂದು ಸರ್ವರ್‌ನಲ್ಲಿ ಮಲಗಿದ್ದ ಹಳೇ ಕೋಡ್ ಎದ್ದು, ತಡೆಯೇ ಇಲ್ಲದೆ ಆರ್ಡರ್ ಕಳಿಸತೊಡಗಿತು. ಸುಮಾರು 45 ನಿಮಿಷದಲ್ಲಿ 44 ಕೋಟಿ ಡಾಲರಿಗೂ ಹೆಚ್ಚು ನಷ್ಟ. ಮರುವರ್ಷ ಕಂಪನಿ ಇನ್ನೊಂದರ ಜೊತೆ ಸೇರಿಹೋಯಿತು. ಅಲ್ಲಿ ಉಳಿದಿದ್ದು ಹಳೇ ಕೋಡ್, ನಮ್ಮಲ್ಲಿ ಉಳಿಯುವುದು ಹಳೇ ಟೆಸ್ಟ್. "ಇರಲಿ ಬಿಡ್ರಿ, ಏನ್ ತಿನ್ನಾಕ ಕೇಳ್ತೈತೇನು" ಅನ್ನುವ ಬುದ್ಧಿ ಎರಡೂ ಕಡೆ ಒಂದೇ.

ಇಷ್ಟು ಹೇಳಿದರೆ ಮೂರು ಉತ್ತರ ಬರುತ್ತವೆ. ಒಂದು, "ಅಳಿಸಿದರೆ ರಿಸ್ಕ್." ಬಡ್ಡಿಯನ್ನೇ ನೋಡದ ಬಡ್ಡಿ ಟೆಸ್ಟ್ ಇಟ್ಟುಕೊಳ್ಳುವುದಕ್ಕಿಂತ ದೊಡ್ಡ ರಿಸ್ಕ್ ಯಾವುದು ಹೇಳ್ರಿ? ಟೆಸ್ಟ್ ಇಲ್ಲ ಅಂತ ಗೊತ್ತಿದ್ದರೆ ಮನುಷ್ಯನಾದರೂ ಒಮ್ಮೆ ನೋಡುತ್ತಾನೆ. ಎರಡು, "ಕ್ಲೈಂಟ್ ಪರ್ಸೆಂಟೇಜ್ ಕೇಳುತ್ತಾನೆ." ಅವನಿಗೆ ಬೇಕಾದದ್ದು ತಪ್ಪಿಲ್ಲದ ಸಾಫ್ಟ್‌ವೇರ್, ಪರ್ಸೆಂಟೇಜ್ ಕೇಳುವುದನ್ನು ಕಲಿಸಿದವರು ನಾವೇ, ಸ್ಲೈಡ್ ತೋರಿಸಿ ತೋರಿಸಿ. ಮೂರು, "ಸ್ಪ್ರಿಂಟ್‌ನಲ್ಲಿ ಟೈಮ್ ಎಲ್ಲೈತ್ರಿ?" ಇದಕ್ಕೆ ನನಗೆ ಸಿಟ್ಟು ಬರುತ್ತೆ. ಟೈಮ್ ಹೋಗುತ್ತಲೇ ಇದೆ, ಲೆಕ್ಕಕ್ಕೆ ಬರ್ತಿಲ್ಲ ಅಷ್ಟೇ. ನಂದಗಡ, ಜಾಂಬೋಟಿ ಕಡೆಯಿಂದ ಬಂದು ಟೆಸ್ಟರ್ ಆದ ಹುಡುಗ ಹುಡುಗಿಯರು ರಾತ್ರಿ ಕೂತು ಕೆಂಪು ಸ್ಕ್ರಿಪ್ಟುಗಳನ್ನು ಒಂದೊಂದಾಗಿ ಮತ್ತೆ ಓಡಿಸುತ್ತಾ ಖಾನಾಪುರದ ಬಸ್ಸು ತಪ್ಪಿಸಿಕೊಳ್ಳುತ್ತಾರಲ್ಲ, ಅದು ಯಾರ ಟೈಮು? 2001ರ ಫೆಬ್ರುವರಿಯಲ್ಲಿ ಯೂಟಾದ ಸ್ನೋಬರ್ಡ್‌ನಲ್ಲಿ 17 ಜನ ಸೇರಿ ಅಜೈಲ್ ಪ್ರಣಾಳಿಕೆ ಬರೆದರು. ಅದರ 12 ಸೂತ್ರಗಳಲ್ಲಿ ಒಂದು, ದಣಿವಾಗದೆ ಎಷ್ಟು ಕಾಲ ಬೇಕಾದರೂ ನಡೆಸಬಹುದಾದ ವೇಗದಲ್ಲಿ ಕೆಲಸ ಇರಬೇಕು ಅನ್ನುತ್ತೆ. ಆ 17 ಜನರಲ್ಲಿ ಒಬ್ಬ ಕೆಂಟ್ ಬೆಕ್, ಎರಿಕ್ ಗಾಮಾ ಜೊತೆ ಸೇರಿ ಜೆಯೂನಿಟ್ ಎಂಬ ಟೆಸ್ಟಿಂಗ್ ಸಲಕರಣೆ ಮಾಡಿದವನು. ಟೆಸ್ಟನ್ನು ಕೆಲಸದ ಮೊದಲಿಗೇ ತಂದವರು ಅವರು. ನಾವು ಚೀಟಿ ತಗೊಂಡು ಅದನ್ನೇ ಬಿಟ್ಟು ಬಂದಿದ್ದೇವೆ.

ಹಾಗಾದರೆ ಏನು ಮಾಡಬೇಕು? ಪ್ರತಿ ಸ್ಕ್ರಿಪ್ಟಿಗೂ ನಾಲ್ಕು ಪ್ರಶ್ನೆ ಕೇಳಿ. ಇದು ಖರೇ ತಪ್ಪು ಹಿಡಿದದ್ದು ಯಾವಾಗ? ಇದು ಕೆಂಪಾದರೆ ನೋಡುವವರು ಯಾರು? ಇದೇ ಸಂಗತಿಯನ್ನು ಸ್ಕ್ರೀನ್ ಮುಟ್ಟದೆ, ಕೋಡಿನ ಹತ್ತಿರವೇ ಸಣ್ಣ ಟೆಸ್ಟಾಗಿ ನೋಡಬಹುದಾ? ಬೇಕಂತಲೇ ಕೋಡ್ ಕೆಡಿಸಿದರೆ ಇದು ಕೆಂಪಾಗುತ್ತಾ? ಕೊನೆಯದು ಮುಖ್ಯ, ತಪ್ಪು ಅಳತೆಯ ಪೀಸ್ ಕೊಟ್ಟು ಗೇಜ್ ನೋಡಿದ ಹಾಗೆ. ಮೈಕ್ ಕಾನ್ 2009ರ ಪುಸ್ತಕದಲ್ಲಿ ಟೆಸ್ಟ್ ಪಿರಮಿಡ್ ಬಗ್ಗೆ ಬರೆದ. ಬುಡದಲ್ಲಿ ಸಣ್ಣ ಟೆಸ್ಟುಗಳು ಹೆಚ್ಚು, ತುದಿಯಲ್ಲಿ ಸ್ಕ್ರೀನ್ ಟೆಸ್ಟುಗಳು ಕಡಿಮೆ. ಬಡ್ಡಿ ಲೆಕ್ಕಕ್ಕೆ ಸ್ಕ್ರೀನ್ ಯಾಕ್ರೀ ಬೇಕು? ನಾವು ಆ ಒಂದು ಸ್ಕ್ರಿಪ್ಟ್ ಕಿತ್ತು ಅದರ ಜಾಗದಲ್ಲಿ ಇಪ್ಪತ್ತು ಸಣ್ಣ ಟೆಸ್ಟ್ ಬರೆದೆವು: ಮಿತಿಗೆ ಸರಿಯಾಗಿ, ಮಿತಿಗಿಂತ ಒಂದು ರೂಪಾಯಿ ಹೆಚ್ಚು, ಕಂತಿನ ಕೊನೇ ದಿನ, ಅದರ ಮರುದಿನ. ಇಪ್ಪತ್ತೂ ಸೇರಿ ಒಂದು ಸೆಕೆಂಡ್ ಹಿಡಿಯಲ್ಲ.

ಇದು ಒಂದು ಸಲ ಮಾಡಿ ಮುಗಿಸುವ ಕೆಲಸವೂ ಅಲ್ಲ. ಖಾನಾಪುರದ ಮಳೆ ಕಂಡವರಿಗೆ ಗೊತ್ತು, ಮಿರಗದ ಮಳೆ ಹಿಡಿಯುವ ಮೊದಲು ಪ್ರತಿ ವರ್ಷ ಮನೆ ಮೇಲೆ ಹತ್ತಿ ಹಂಚು ತಟ್ಟಿ ನೋಡಬೇಕು, ಸೀಳಿದ್ದನ್ನು ತೆಗೆದು ಬೇರೆ ಹಾಕಬೇಕು. ಹೋದ ವರ್ಷ ನೋಡಿದ್ದೆ ಅಂದ್ರೆ ಮಳೆ ಕೇಳಲ್ಲ. ಪ್ರತಿ ಸ್ಪ್ರಿಂಟ್‌ನಲ್ಲೂ ಅರ್ಧ ದಿನ ಇದಕ್ಕೆ ಬರೆದಿಡಿ, ಬೋರ್ಡ್ ಮೇಲೆ ಒಂದು ಹಳದಿ ಚೀಟಿ ಇದಕ್ಕೂ ಇರಲಿ.

ಮ್ಯಾನೇಜರ್ ಸಾಹೇಬ್ರೇ, ಮುಂದಿನ ರಿವ್ಯೂನಲ್ಲಿ ಎಷ್ಟು ಟೆಸ್ಟ್ ಹೊಸದಾಗಿ ಬರೆದಿರಿ ಅಂತ ಕೇಳುವ ಮೊದಲು ಎಷ್ಟು ಕಿತ್ತಿರಿ, ಯಾಕೆ ಕಿತ್ತಿರಿ ಅಂತ ಕೇಳಿ. ಉತ್ತರ ಸೊನ್ನೆ ಬಂದರೆ ಹಸಿರು ಸ್ಲೈಡ್ ಕ್ಲೈಂಟ್‌ಗೆ ಕಳಿಸುವುದನ್ನು ಒಂದು ವಾರ ನಿಲ್ಲಿಸಿ, ಟೀಮಿನ ಜೊತೆ ನೀವೂ ಕೂತು ಹತ್ತು ಸ್ಕ್ರಿಪ್ಟ್ ತೆರೆದು ಓದಿ.