ಕಳ್ಳತೂಕ ಒಬ್ಬನದು, ದಂಡ ಎಲ್ಲರಿಗೆ!

2000ನೇ ಇಸವಿಯ ಸಿಡ್ನಿ ಪ್ಯಾರಾಲಿಂಪಿಕ್ಸ್‌ನಲ್ಲಿ ಬೌದ್ಧಿಕ ನ್ಯೂನತೆಯವರ ಬಾಸ್ಕೆಟ್‌ಬಾಲ್ ಚಿನ್ನ ಗೆದ್ದ ಸ್ಪೇನ್ ತಂಡದ 12 ಮಂದಿಯಲ್ಲಿ 10 ಮಂದಿಗೆ ಯಾವ ನ್ಯೂನತೆಯೂ ಇರಲಿಲ್ಲ. ಮೋಸ ಹೂಡಿದವರು ಫೆಡರೇಶನ್ನಿನ ದೊಡ್ಡ ಮನುಷ್ಯರು. ಶಿಕ್ಷೆ ಯಾರಿಗಾಯಿತು ಗೊತ್ತೆ? ಜಗತ್ತಿನ ಸಮಸ್ತ ಬೌದ್ಧಿಕ ನ್ಯೂನತೆಯ ಆಟಗಾರರಿಗೆ! 2004, 2008ರ ಕೂಟಗಳ ಬಾಗಿಲು ಅವರಿಗೆ ಮುಚ್ಚಿತು. ಅಧ್ಯಕ್ಷನಾಗಿದ್ದವನಿಗೋ, ಪಡೆದ ಸಹಾಯಧನ ಹಿಂದಿರುಗಿಸುವುದರ ಜೊತೆಗೆ 2013ರಲ್ಲಿ ಬಿದ್ದ ದಂಡ 5,400 ಯೂರೋ. ಒಬ್ಬ ವರ್ತಕನ ತಕ್ಕಡಿ ಸುಳ್ಳಾದರೆ ಪೇಟೆಯನ್ನೇ ಮುಚ್ಚಿಸುವುದುಂಟೆ, ಸ್ವಾಮಿ?

2012ರಲ್ಲಿ ಬಾಗಿಲು ತೆರೆಯಿತು. ಅಥ್ಲೆಟಿಕ್ಸ್, ಈಜು, ಟೇಬಲ್ ಟೆನಿಸ್‌ಗೆ ಮಾತ್ರ. 2024ರ ಪ್ಯಾರಿಸ್‌ನಲ್ಲೂ ಜೂಡೊ ಕಣ್ಣಿನ ನ್ಯೂನತೆಯವರಿಗೆ, ಟೇಕ್ವಾಂಡೊ ಕೈ ಊನವಾದವರಿಗೆ, ಅಷ್ಟೇ.

ವಿಂಗಡಣೆ ಕಷ್ಟವೆನ್ನುವವರಿದ್ದಾರೆ. ಕಷ್ಟವೇನೋ ನಿಜ. 60 ಕಿಲೋದ ಇಬ್ಬರು ತೂಕದಲ್ಲಿ ಸಮವಾದರೂ, ಎದುರಾಳಿಯ ಪಟ್ಟು ಗುರುತಿಸಿ ಮರುಪಟ್ಟು ಹಾಕುವ ಚುರುಕಿನಲ್ಲಿ ಸಮರಲ್ಲ. ಬುದ್ಧಿಸೂಚ್ಯಂಕ 75ಕ್ಕೆ ಮೇಲಿಲ್ಲವೆಂಬ ಕಾಗದವೊಂದೇ ಇದನ್ನು ಅಳೆಯದು. ಆದರೆ ಸ್ಪೆಷಲ್ ಒಲಿಂಪಿಕ್ಸ್‌ನವರು ಜೂಡೊ ಆಟಗಾರರನ್ನು ಸಾಮರ್ಥ್ಯ ನೋಡಿಯೇ ಗುಂಪು ಮಾಡುತ್ತಿದ್ದಾರಲ್ಲ! ಅವರಿಗೆ ಸಾಧ್ಯವಾದದ್ದು ಇವರಿಗೇಕಾಗದು?

ಸ್ವತಂತ್ರ ಪರೀಕ್ಷಕರನ್ನು ನೇಮಿಸಲಿ, ಹಣ ಕೊಡಲಿ, ಪರೀಕ್ಷೆ ಚಾಪೆಯ ಮೇಲೆಯೇ ನಡೆಯಲಿ. ಪದಕ ಬೇಕಾದ ಪದಾಧಿಕಾರಿಯ ಕೈಗೆ ಮಾತ್ರ ರುಜು ಹಾಕುವ ಲೇಖನಿ ಕೊಡಬೇಡಿ.