ಹಾಲಿಗೆ ದಿನಕ್ಕೆರಡು ಟೆಸ್ಟ್, ಹಾಲು ಕರೆದವರ ಕಿಡ್ನಿಗೆ ಒಂದೂ ಇಲ್ಲ

ಡೈರಿಗೆ ಹಾಲು ಹಾಕುವ ಎಲ್ಲರಿಗೂ ಗೊತ್ತು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಎಷ್ಟು ಅಂತ ಮಷೀನ್ ಹೇಳಿಬಿಡುತ್ತೆ. ಸ್ವಲ್ಪ ಕಮ್ಮಿ ಬಂದ್ರೆ ಮನೆಗೆ ಹೋಗಿ ಹಸುವಿನ ಮೇವು ಬದಲಾಯಿಸ್ತೀವಿ. ತೋಟದ ಮಣ್ಣಿನ ಪಿಎಚ್ ನೆನಪಿರುತ್ತೆ, ಬೋರ್‌ವೆಲ್ ನೀರಿನ ಇಸಿ ನೆನಪಿರುತ್ತೆ. ಆದ್ರೆ ಆ ಹಾಲು ಕರೆದ ಅಮ್ಮನ ಬಿಪಿ ಎಷ್ಟು? ಆ ತೋಟಕ್ಕೆ ನೀರು ಕಟ್ಟಿದ ಅಪ್ಪನ ಮೂತ್ರದಲ್ಲಿ ಪ್ರೋಟೀನ್ ಹೋಗ್ತಿದೆಯಾ? ಮನೆಯಲ್ಲಿ ಕೇಳಿ ನೋಡಿ, ಉತ್ತರ ಸಿಗೋದು ಕಷ್ಟ.

ಈ ವಾರ ಬೆಳೆ ಬಿಟ್ಟು ಬೆಳೆಯುವವರ ಬಗ್ಗೆ ಬರೀತಿದೀನಿ. ನನ್ನ ಮಾತು ಇಷ್ಟೇ: ಕಿಡ್ನಿ ಫೇಲಾಗೋದನ್ನು ತಡೆಯುವ ಕೆಲಸ ಪಟ್ಟಣದ ದೊಡ್ಡ ಆಸ್ಪತ್ರೆಯಲ್ಲಿ ಶುರುವಾಗಲ್ಲ. ಅದು ಊರಲ್ಲೇ ಶುರುವಾಗಬೇಕು, ಅದಕ್ಕೆ ಬೇಕಾದ ಜಾಗ, ಜನ ಎರಡೂ ಊರಲ್ಲೇ ಇದ್ದಾರೆ.

ಕಿಡ್ನಿ ಕೂಗಿ ಹೇಳಲ್ಲ

ಹಲ್ಲು ಹುಳುಕಾದ್ರೆ ರಾತ್ರಿ ನಿದ್ದೆ ಬರಲ್ಲ. ಕಿಡ್ನಿ ಹಾಗಲ್ಲ. ಎರಡೂ ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸುತ್ತವೆ. ಅದರಲ್ಲಿ ಒಂದೂವರೆ, ಎರಡು ಲೀಟರ್ ಮಾತ್ರ ಮೂತ್ರವಾಗಿ ಹೊರಗೆ ಹೋಗುತ್ತೆ, ಉಳಿದದ್ದು ರಕ್ತಕ್ಕೆ ವಾಪಸ್. ನಮ್ಮ ಡ್ರಿಪ್ ಫಿಲ್ಟರ್ ಕಟ್ಟಿಕೊಂಡ್ರೆ ಬಿಚ್ಚಿ ತೊಳೆದು ಹಾಕಬಹುದು. ಕಿಡ್ನಿಯೊಳಗಿನ ಸಣ್ಣ ಸಣ್ಣ ಸೋಸುವ ಘಟಕಗಳು, ಅಂದರೆ ನೆಫ್ರಾನ್‌ಗಳು, ಒಮ್ಮೆ ಸತ್ತರೆ ಮತ್ತೆ ಹುಟ್ಟಲ್ಲ. ಕೆಲವು ಸತ್ತಾಗ ಉಳಿದವು ಹೆಚ್ಚು ದುಡಿದು ಸರಿದೂಗಿಸುತ್ತವೆ. ಹಾಗಾಗಿ ಅರ್ಧ ಕೆಲಸ ನಿಂತುಹೋದರೂ ಮನುಷ್ಯನಿಗೆ ಏನೂ ಅನ್ನಿಸಲ್ಲ. ಕಾಲು ಊದಿಕೊಂಡು, ಊಟ ಸೇರದೆ, ವಾಂತಿ ಬಂದು ಆಸ್ಪತ್ರೆಗೆ ಹೋಗುವಷ್ಟರಲ್ಲಿ ಡಾಕ್ಟರ್ ಕೈಯಲ್ಲಿ ಉಳಿದಿರೋದು ಬಹಳ ಕಮ್ಮಿ.

ಆಮೇಲೆ ಡಯಾಲಿಸಿಸ್. ವಾರಕ್ಕೆ ಎರಡು, ಮೂರು ಸಲ, ಒಂದೊಂದು ಸಲಕ್ಕೆ ಸುಮಾರು ನಾಲ್ಕು ಗಂಟೆ. 2016ರಲ್ಲಿ ಶುರುವಾದ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಿಂದ ಬಡವರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಸಿಗುತ್ತೆ, ಅದು ದೊಡ್ಡ ಆಸರೆ. ಆದ್ರೆ ಬಸ್ ಚಾರ್ಜ್, ಜೊತೆಗೆ ಹೋಗುವವರ ಕೂಲಿ, ಔಷಧಿ, ಮಧ್ಯೆ ಬಿಟ್ಟುಹೋದ ಹೊಲದ ಕೆಲಸ? ವಾರಕ್ಕೆ ಮೂರು ದಿನ ಆಸ್ಪತ್ರೆಯಲ್ಲಿರುವವನು ಹಸು ಕಟ್ಟೋದು ಹೇಗೆ, ಟೊಮ್ಯಾಟೊ ಕೀಳೋದು ಹೇಗೆ? ಮೊದಲು ಹಸು ಹೋಗುತ್ತೆ, ಆಮೇಲೆ ಜಮೀನು.

ಇದೇ ಕಾಯಿಲೆ ಹತ್ತು ವರ್ಷ ಮೊದಲೇ ಸಿಕ್ಕಿದ್ರೆ? ಮೂತ್ರದಲ್ಲಿ ಆಲ್ಬುಮಿನ್ ಅನ್ನೋ ಪ್ರೋಟೀನ್ ಸೋರೋದು ಬಹಳ ಜನರಲ್ಲಿ ಮೊದಲ ಸುಳಿವು. ಒಂದು ಪಟ್ಟಿಯನ್ನು ಮೂತ್ರದಲ್ಲಿ ಅದ್ದಿ ಬಣ್ಣ ನೋಡಿದ್ರೆ ಅಂದಾಜು ಸಿಗುತ್ತೆ. ಜೊತೆಗೆ ಬಿಪಿ, ಶುಗರ್, ರಕ್ತದ ಕ್ರಿಯಾಟಿನಿನ್. ಕಿಡ್ನಿ ಹಾಳಾಗಲು ದೊಡ್ಡ ಕಾರಣಗಳೇ ಸಕ್ಕರೆ ಕಾಯಿಲೆ ಮತ್ತು ಬಿಪಿ. ಎರಡಕ್ಕೂ ಮಾತ್ರೆ ಇದೆ. ಟೆಲ್ಮಿಸಾರ್ಟಾನ್, ಎನಲಾಪ್ರಿಲ್‌ನಂಥ ಬಿಪಿ ಮಾತ್ರೆಗಳು ಪ್ರೋಟೀನ್ ಸೋರೋದನ್ನೂ ಕಮ್ಮಿ ಮಾಡುತ್ತವೆ. ಡಪಾಗ್ಲಿಫ್ಲೋಜಿನ್ ಅನ್ನೋ ಶುಗರ್ ಮಾತ್ರೆ ಕಿಡ್ನಿಯನ್ನೂ ಕಾಪಾಡುತ್ತೆ, 2020ರಲ್ಲಿ ನಮ್ಮ ದೇಶದಲ್ಲಿ ಅದರ ಪೇಟೆಂಟ್ ಮುಗಿದ ಮೇಲೆ ಬೆಲೆಯೂ ಇಳಿದಿದೆ. ಯಾರಿಗೆ ಯಾವುದು ಅಂತ ಡಾಕ್ಟರೇ ಹೇಳಬೇಕು. ಆದ್ರೆ ಡಾಕ್ಟರ್ ಹತ್ತಿರ ಹೋಗೋದು ಯಾವಾಗ ಅನ್ನೋದೇ ಪ್ರಶ್ನೆ.

ಪಕ್ಕದ ರಾಜ್ಯದಲ್ಲಿ ಮಾಡಿ ತೋರಿಸಿದ್ದಾರೆ

ಇದೆಲ್ಲ ಹಳ್ಳಿಯಲ್ಲಿ ಆಗೋ ಕೆಲಸನಾ ಅಂತ ಕೇಳಬಹುದು. ಚೆನ್ನೈನ ಹೆಸರಾಂತ ಕಿಡ್ನಿ ತಜ್ಞ ಡಾ. ಎಂ.ಕೆ. ಮಣಿ ಅವರ ಕಿಡ್ನಿ ಹೆಲ್ಪ್ ಟ್ರಸ್ಟ್ ಇದನ್ನು 1990ರ ದಶಕದಲ್ಲೇ ತಮಿಳುನಾಡಿನ ಹಳ್ಳಿಗಳಲ್ಲಿ ಮಾಡಿ ತೋರಿಸಿತು. ಸುಮಾರು 25 ಸಾವಿರ ಜನಸಂಖ್ಯೆಯ ಹಳ್ಳಿಗಳು. ಮನೆ ಮನೆಗೆ ಹೋದವರು ಡಾಕ್ಟರ್‌ಗಳಲ್ಲ, ಅದೇ ಊರುಗಳ ಶಾಲೆ ಓದಿದ ಹೆಣ್ಣುಮಕ್ಕಳು. ಅವರಿಗೆ ತರಬೇತಿ ಕೊಟ್ಟು ಬಿಪಿ ನೋಡೋದು, ಮೂತ್ರದಲ್ಲಿ ಪ್ರೋಟೀನ್, ಸಕ್ಕರೆ ಇದೆಯಾ ನೋಡೋದು ಕಲಿಸಿದರು. ಅನುಮಾನ ಬಂದವರನ್ನು ಡಾಕ್ಟರ್ ನೋಡಿದರು, ಅಗ್ಗದ ಮಾತ್ರೆ ಕೊಟ್ಟರು, ಆಮೇಲೆ ಅದೇ ಹೆಣ್ಣುಮಕ್ಕಳು ಬಿಡದೆ ವಿಚಾರಿಸುತ್ತಾ ಹೋದರು. ಬಿಪಿ ಇದ್ದವರಲ್ಲಿ ಬಹುತೇಕ ಎಲ್ಲರದ್ದೂ ಹತೋಟಿಗೆ ಬಂತು. ಖರ್ಚು? ಒಬ್ಬರಿಗೆ ವರ್ಷಕ್ಕೆ 0.27 ಡಾಲರ್, ಆಗಿನ ಲೆಕ್ಕದಲ್ಲಿ ಹತ್ತು, ಹನ್ನೆರಡು ರೂಪಾಯಿ.

ಈ ಪ್ರಯೋಗದಲ್ಲಿ ನನಗೆ ದೊಡ್ಡದಾಗಿ ಕಾಣೋದು ಪರೀಕ್ಷೆಯಲ್ಲ, ಪರೀಕ್ಷೆ ಆದಮೇಲೆ ವಿಚಾರಿಸಿದ್ದು. ನಮ್ಮಲ್ಲಿ ಆರೋಗ್ಯ ಶಿಬಿರಗಳಿಗೆ ಬರ ಇಲ್ಲ. ಶಾಮಿಯಾನ ಹಾಕ್ತಾರೆ, ಬಿಪಿ ನೋಡ್ತಾರೆ, ಚೀಟಿ ಕೊಡ್ತಾರೆ, ಫೋಟೋ ತೆಗೀತಾರೆ. ಮೂರು ತಿಂಗಳ ನಂತರ ಮಾತ್ರೆ ತಗೊಳ್ತಿದ್ದಾರಾ ಅಂತ ಕೇಳೋರು ಯಾರು? "ಬಿಪಿ ಈಗ ಸರಿಹೋಯ್ತು" ಅಂತ ಮಾತ್ರೆ ನಿಲ್ಲಿಸುವವರು ಎಲ್ಲ ಊರಲ್ಲೂ ಇದ್ದಾರೆ. ಸರಿಹೋಗಿರೋದು ಮಾತ್ರೆಯಿಂದ, ಅದನ್ನು ಬಿಟ್ಟರೆ ಮತ್ತೆ ಏರುತ್ತೆ. ಅದು ಏರಿದ್ದೂ ಗೊತ್ತಾಗಲ್ಲ.

ನಮ್ಮ ಕೆಲಸದಿಂದಲೇ ಬೀಳುವ ಪೆಟ್ಟು

ಬಿಪಿ, ಶುಗರ್ ಎರಡೂ ಇಲ್ಲದ ಕೃಷಿ ಕೂಲಿಗಳಿಗೂ ಕಿಡ್ನಿ ಕಾಯಿಲೆ ಬರುತ್ತೆ. ಮಧ್ಯ ಅಮೆರಿಕದ ನಿಕರಾಗುವ, ಎಲ್ ಸಾಲ್ವಡೋರ್‌ಗಳಲ್ಲಿ ಕಬ್ಬು ಕಡಿಯುವ ಯುವಕರು ಹೀಗೇ ಸಾಯತೊಡಗಿದಾಗ ಬಿಸಿಲಲ್ಲಿ ನೀರಿಲ್ಲದ ವಿಪರೀತ ದುಡಿಮೆ ಮುಖ್ಯ ಕಾರಣ ಅಂತ ಸಂಶೋಧಕರು ಬೊಟ್ಟು ಮಾಡಿದರು. ಅಲ್ಲಿ ನೀರು, ವಿಶ್ರಾಂತಿ, ನೆರಳು, ಈ ಮೂರನ್ನು ಕೆಲಸದ ನಿಯಮ ಮಾಡಿದ ಮೇಲೆ ಕಿಡ್ನಿಗಾಗುವ ಪೆಟ್ಟು ಕಮ್ಮಿಯಾಯಿತು. ನಮ್ಮ ಕಬ್ಬಿನ ಗ್ಯಾಂಗ್‌ಗಳನ್ನು ನೆನೆಸಿಕೊಳ್ಳಿ. ಟನ್ ಲೆಕ್ಕದ ಕೂಲಿ, ನಿಂತರೆ ದುಡ್ಡಿಲ್ಲ. ಹೆಂಗಸರಂತೂ ಹೊಲದಲ್ಲಿ ಮರೆ ಇಲ್ಲ ಅಂತ ನೀರೇ ಕುಡಿಯಲ್ಲ. ಇದು ಸರ್ಕಾರದ ತಪ್ಪು ಅಂತ ಕೈ ತೊಳೆಯುವ ಹಾಗಿಲ್ಲ. ಜಮೀನು ನಮ್ಮದು, ಕೆಲಸಕ್ಕೆ ಕರೆದವರು ನಾವು. ಒಂದು ಕ್ಯಾನ್ ನೀರು, ಒಂದು ಟಾರ್ಪಾಲ್ ನೆರಳು, ನಡು ಮಧ್ಯಾಹ್ನ ಬಿಟ್ಟು ಬೆಳಗಿನ ಜಾವ ಕೆಲಸ, ಹೆಂಗಸರಿಗೆ ಒಂದು ಮರೆ. ಇಷ್ಟು ನಮ್ಮ ಕೈಯಲ್ಲೇ ಇದೆ.

ಎರಡನೆಯದು ನೋವಿನ ಮಾತ್ರೆ. ಸೊಂಟ ನೋವು, ಮೈಕೈ ನೋವು ಅಂತ ಅಂಗಡಿಯಲ್ಲಿ ಡೈಕ್ಲೋಫೆನಾಕ್, ಐಬುಪ್ರೊಫೆನ್ ತಗೊಂಡು ನುಂಗೋದು. ಬಿಸಿಲಲ್ಲಿ ದುಡಿದು ನೀರು ಇಂಗಿದ ಮೈಗೆ ಇದು ಡಬಲ್ ಪೆಟ್ಟು. ಡೈಕ್ಲೋಫೆನಾಕ್ ಚುಚ್ಚಿದ ದನ ಸತ್ತಾಗ ಅದನ್ನು ತಿಂದ ರಣಹದ್ದುಗಳು ಕಿಡ್ನಿ ಫೇಲಾಗಿ ಸತ್ತು ಅವುಗಳ ಸಂತತಿಯೇ ಅಳಿಯುವ ಹಂತ ತಲುಪಿತು. ಅದಕ್ಕೇ 2006ರಲ್ಲಿ ದನಗಳಿಗೆ ಆ ಔಷಧ ನಿಷೇಧವಾಯಿತು. ಮನುಷ್ಯನ ದೇಹ ಹದ್ದಿನಷ್ಟು ಸೂಕ್ಷ್ಮ ಅಲ್ಲ, ನಿಜ. ಆದ್ರೆ ವರ್ಷಗಟ್ಟಲೆ ದಿನಾ ನುಂಗಿದ್ರೆ ತಡೆಯೋದಿಲ್ಲ.

ಮೂರನೆಯದು ಮೊಬೈಲಲ್ಲಿ ಬರುವ ಮನೆಮದ್ದು. ಕೊಲೆಸ್ಟ್ರಾಲ್ ಇಳಿಯುತ್ತೆ ಅಂತ ಬಿಂಬುಳಿ ಹಣ್ಣಿನ ಗಟ್ಟಿ ರಸ ಕುಡಿದು ಹತ್ತು ಜನರ ಕಿಡ್ನಿಗೆ ಏಟಾದದ್ದನ್ನು ಕೇರಳದ ವೈದ್ಯರು 2013ರಲ್ಲಿ ವರದಿ ಮಾಡಿದ್ದಾರೆ. ಕಾರಣ ಹಣ್ಣಿನಲ್ಲಿರುವ ಆಕ್ಸಲೇಟ್, ಅದರ ಹರಳು ಕಿಡ್ನಿಯೊಳಗೆ ಕೂರುತ್ತೆ. ಅದರ ಜಾತಿಯದ್ದೇ ಆದ ಧಾರೆಹುಳಿಯೂ ಹೀಗೇ, ಕಿಡ್ನಿ ಕಾಯಿಲೆ ಇದ್ದವರು ಮುಟ್ಟಲೇಬಾರದು. ಉಪ್ಪಿನಕಾಯಿಗೆ ಒಂದೆರಡು ಹೋಳು ಬೇರೆ, ಖಾಲಿ ಹೊಟ್ಟೆಗೆ ಲೋಟಗಟ್ಟಲೆ ರಸ ಬೇರೆ. ಗಿಡದಿಂದ ಬಂದಿದ್ದೆಲ್ಲ ಸೇಫ್ ಅಲ್ಲ.

ಇನ್ನು ಕೀಟನಾಶಕ. ನಾನು ಸಾವಯವ ಕೃಷಿಕ, "ಕೆಮಿಕಲ್‌ನಿಂದಲೇ ಕಿಡ್ನಿ ಹೋಗೋದು" ಅಂತ ಬರೆದುಬಿಟ್ಟರೆ ನನಗೇ ಅನುಕೂಲ. ಆದ್ರೆ ಹಾಗೆ ಹೇಳೋದು ಪ್ರಾಮಾಣಿಕ ಅಲ್ಲ. ಪ್ಯಾರಾಕ್ವಾಟ್ ಹೊಟ್ಟೆಗೆ ಹೋದ್ರೆ ಕಿಡ್ನಿ, ಶ್ವಾಸಕೋಶ ಎರಡೂ ಹಾಳಾಗೋದು ನಿಜ. ಆದ್ರೆ ಆಂಧ್ರದ ಶ್ರೀಕಾಕುಳಂ ಜಿಲ್ಲೆಯ ಉದ್ದಾನಂ ನೋಡಿ. ತೆಂಗು, ಗೋಡಂಬಿ ಬೆಳೆಯುವ ಸೀಮೆ, ವರ್ಷಗಳಿಂದ ಕಿಡ್ನಿ ಕಾಯಿಲೆಗೆ ಜನ ಸಾಯ್ತಿದ್ದಾರೆ. ನೀರು, ಶಾಖ, ಕೀಟನಾಶಕ, ಲೋಹ ಅಂತ ಎಲ್ಲವನ್ನೂ ಹುಡುಕಿದರೂ ಇದೇ ಕಾರಣ ಅಂತ ಇನ್ನೂ ಖಚಿತವಾಗಿಲ್ಲ. 2023ರಲ್ಲಿ ಪಲಾಸದಲ್ಲಿ ಅದಕ್ಕೆಂದೇ ಸಂಶೋಧನಾ ಕೇಂದ್ರ, 200 ಹಾಸಿಗೆಯ ಆಸ್ಪತ್ರೆ ತೆರೆದರು. ಕಾರಣ ಗೊತ್ತಾಗುವವರೆಗೂ ಕಾಯಬೇಕಿಲ್ಲ. ಕಾರಣ ಯಾವುದೇ ಇರಲಿ, ಬೇಗ ಪತ್ತೆ ಮಾಡೋದರಿಂದ ಲಾಭ ಇದ್ದೇ ಇದೆ. ಸಿಂಪಡಣೆ ಮಾಡುವವರು ಮಾಸ್ಕ್, ಕೈಗವಸು ಹಾಕೋದಕ್ಕೂ ಕಾಯಬೇಕಿಲ್ಲ.

ಡೈರಿಯಲ್ಲೇ ಯಾಕೆ ಶುರು ಮಾಡಬಾರದು?

ದಿನಕ್ಕೆರಡು ಸಲ ಇಡೀ ಊರು ಬರುವ ಜಾಗ ಹಾಲಿನ ಡೈರಿ. ಒಂದು ಡಿಜಿಟಲ್ ಬಿಪಿ ಮಷೀನ್, ಒಂದು ಡಬ್ಬಿ ಮೂತ್ರ ಪರೀಕ್ಷೆ ಪಟ್ಟಿ, ಇದು ಸಂಘಕ್ಕೆ ಭಾರದ ಖರ್ಚಲ್ಲ. ಡೈರಿ ಇಲ್ಲದ ಊರಲ್ಲಿ ರೈತ ಉತ್ಪಾದಕ ಕಂಪನಿ ಇದೆ, ಸ್ತ್ರೀಶಕ್ತಿ ಸಂಘ ಇದೆ. ರಾಜ್ಯ ಸರ್ಕಾರದ ಗೃಹ ಆರೋಗ್ಯ ಯೋಜನೆಯಲ್ಲಿ 30 ದಾಟಿದವರ ಬಿಪಿ, ಶುಗರ್ ಮನೆ ಬಾಗಿಲಲ್ಲೇ ನೋಡ್ತಾರೆ. ಆಶಾ ಕಾರ್ಯಕರ್ತೆ ಬಂದಾಗ "ಹಾಲು ಕರೀತಿದೀನಿ, ಆಮೇಲೆ ಬಾ" ಅನ್ನಬೇಡಿ. ಡೈರಿಯಲ್ಲೇ ಒಂದು ದಿನ ಗೊತ್ತು ಮಾಡಿ, ಅವರನ್ನೂ ಆಯುಷ್ಮಾನ್ ಆರೋಗ್ಯ ಮಂದಿರದ ಸಮುದಾಯ ಆರೋಗ್ಯ ಅಧಿಕಾರಿಯನ್ನೂ ಅಲ್ಲಿಗೇ ಕರೆಸಿ.

ನಾಲ್ಕು ವಿಷಯ ನೆನಪಿಡಿ:

1. ಶುಗರ್ ಅಥವಾ ಬಿಪಿ ಇರುವವರು, ಮನೆಯಲ್ಲಿ ಯಾರಿಗಾದರೂ ಕಿಡ್ನಿ ಕಾಯಿಲೆ ಇರುವವರು, ದಿನಾ ನೋವಿನ ಮಾತ್ರೆ ನುಂಗುವವರು, ಕೊಳಕುಮಂಡಲ ಕಚ್ಚಿ ಬದುಕಿದವರು, ಇಲಿ ಜ್ವರದಿಂದ ಎದ್ದವರು, ಇವರೆಲ್ಲ ವರ್ಷಕ್ಕೊಮ್ಮೆ ಮೂತ್ರದ ಆಲ್ಬುಮಿನ್, ರಕ್ತದ ಕ್ರಿಯಾಟಿನಿನ್ ಎರಡೂ ಮಾಡಿಸಲಿ. ಒಂದೇ ಸಾಲದು. ಕ್ರಿಯಾಟಿನಿನ್ ನಾರ್ಮಲ್ ಇದ್ದೂ ಪ್ರೋಟೀನ್ ಸೋರುತ್ತಿರಬಹುದು.

2. ಲ್ಯಾಬ್‌ನವರಿಗೆ ಇಜಿಎಫ್‌ಆರ್ ಕೂಡ ಬರೆದುಕೊಡಿ ಅಂತ ಹೇಳಿ. ಅದು 60ಕ್ಕಿಂತ ಕಮ್ಮಿಯಾಗಿ ಮೂರು ತಿಂಗಳಾದ್ರೂ ಹಾಗೇ ಇದ್ರೆ ಕಿಡ್ನಿ ಕಾಯಿಲೆ ಅಂತ ಅರ್ಥ.

3. ಪಟ್ಟಿಯಲ್ಲಿ ಒಮ್ಮೆ ಬಣ್ಣ ಬದಲಾದ ಕೂಡಲೇ ಹೆದರಬೇಡಿ. ಜ್ವರ, ಮುಟ್ಟು, ವಿಪರೀತ ದುಡಿಮೆ ಇದ್ದಾಗಲೂ ಹಾಗಾಗುತ್ತೆ. ಮತ್ತೊಮ್ಮೆ ಮಾಡಿಸಿ, ಆಮೇಲೆ ಡಾಕ್ಟರ್.

4. ರಿಪೋರ್ಟನ್ನು ಊರಿನ ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ. ಮಗಳ ಮದುವೆ, ಸಾಲ, ಎಲ್ಲಕ್ಕೂ ಅಡ್ಡ ಬರುತ್ತೆ ಅಂತ ಗೊತ್ತಾದ್ರೆ ಮುಂದಿನ ವರ್ಷ ಯಾರೂ ಪರೀಕ್ಷೆಗೆ ಬರಲ್ಲ.

ಗ್ಯಾಂಗ್‌ನಲ್ಲಿ ಬಂದ ಕೂಲಿಯವರನ್ನೂ ಅವತ್ತು ಕರೀರಿ. ಅವರ ಹೆಸರು ಊರಿನ ಯಾವ ರಿಜಿಸ್ಟರಲ್ಲೂ ಇರಲ್ಲ, ಬಿಸಿಲಿಗೆ ಮೊದಲು ಮೈಯೊಡ್ಡುವವರು ಅವರೇ.

ಫೋನ್ ಕೈಯಲ್ಲಿರುವ ನಿಮ್ಮಂಥ ಹುಡುಗ ಹುಡುಗಿಯರಿಗೆ ಇಲ್ಲಿ ಒಂದು ಖಾಸಾ ಕೆಲಸ ಇದೆ. ಐದು ಮನೆ ಆರಿಸಿಕೊಳ್ಳಿ. ಆ ಮನೆಗಳಲ್ಲಿ ಬಿಪಿ, ಶುಗರ್ ಮಾತ್ರೆ ತಗೊಳ್ಳುವವರ ಮಾತ್ರೆ ಮುಗಿಯುವ ದಿನಕ್ಕೆ ಫೋನಲ್ಲಿ ರಿಮೈಂಡರ್ ಇಡಿ. ಪೇಟೆಗೆ ಹೋದಾಗ ಜನೌಷಧಿ ಕೇಂದ್ರದಿಂದ ತಂದುಕೊಡಿ. ಡ್ರಿಪ್ ಫಿಲ್ಟರ್ ತೊಳೆಯೋಕೆ ಅಲಾರಂ ಇಡುವ ನಮಗೆ ಇದು ಕಷ್ಟ ಅಲ್ಲ.

ಮುಂದಿನ ಸಲ ಡೈರಿ ಸಂಘದ ಮೀಟಿಂಗ್ ಕರೆದಾಗ ಹಾಲಿನ ರೇಟ್ ಬಗ್ಗೆ ಮಾತಾಡಿ ಮುಗಿದ ಮೇಲೆ ಎದ್ದು ನಿಂತು ಒಂದು ಬಿಪಿ ಮಷೀನ್ ಕೇಳಿ. ಇಲ್ಲ ಅಂದ್ರೆ ಯಾಕೆ ಇಲ್ಲ ಅಂತಲೂ ಕೇಳಿ.